ಗೋಪುರ ತಪ್ಪಾಗಿ ಬರೆದದ್ದಲ್ಲ, ಬಿದ್ದುಹೋದದ್ದು

18ನೇ ಶತಮಾನದ ಇಟಲಿಯ ಚಿತ್ರಕಾರ ಕನಲೆಟ್ಟೊ ಬರೆದ ವೆನಿಸ್ ಚಿತ್ರದಲ್ಲಿ ಸಾನ್ ಜಾರ್ಜೊ ಚರ್ಚಿನ ಗಂಟೆ ಗೋಪುರ ಈಗಿನ ಫೋಟೋಗಳಿಗೆ ಹೊಂದುತ್ತಿಲ್ಲ, ಅವರು ತಪ್ಪು ಮಾಡಿದರಾ ಎಂದು ಕೇಳಿದ್ದೀರಿ. ತಪ್ಪಲ್ಲ. ನೀವು ಒಳ್ಳೆಯದನ್ನೇ ಗಮನಿಸಿದ್ದೀರಿ.

ಬಾಸ್ಟನ್ ಮ್ಯೂಸಿಯಂನಲ್ಲಿರುವ ಆ ಚಿತ್ರ ಸುಮಾರು 1738ರದ್ದು. ಅದರಲ್ಲಿರುವ ಗೋಪುರ 1774ರಲ್ಲಿ ಕುಸಿದುಬಿತ್ತು. ಈಗ ಕಾಣುವುದು 1791ರ ಹೊತ್ತಿಗೆ ಕಟ್ಟಿ ಮುಗಿಸಿದ ಹೊಸದು. ಕನಲೆಟ್ಟೊ ತೀರಿಕೊಂಡದ್ದೇ 1768ರಲ್ಲಿ. ಅವರು ನೋಡಿದ್ದು ಹಳೆಯದನ್ನು ಮಾತ್ರ ಅಲ್ವಾ! ಪಕ್ಕದ ಚರ್ಚಿನ ಬಿಳಿ ಮುಖ ಮಾತ್ರ ಅಂದಿನದೇ. ಆ ಚರ್ಚ್ ವಾಸ್ತುಶಿಲ್ಪಿ ಪಲ್ಲಾಡಿಯೊ ವಿನ್ಯಾಸ, ಅದನ್ನು ಕಟ್ಟುವ ಕೆಲಸ ಶುರುವಾದದ್ದು 1566ರಲ್ಲಿ.

ಆದರೆ ಇಡೀ ನೋಟವನ್ನು ಫೋಟೋ ಅಂದುಕೊಳ್ಳಬೇಡಿ. ವೆನಿಸ್‌ನ ಹಳೆಯ ಸುಂಕದ ಕಟ್ಟೆಯ (ಡೊಗಾನಾ) ಮೂಲೆಯ ಕಡೆಯಿಂದ ನೋಡಿದ ಹಾಗಿದೆ, ನಿಜ. ಅಲ್ಲಿ ಒಂದೇ ಕಡೆ ನಿಂತರೆ ಅಷ್ಟು ಅಗಲ ಒಮ್ಮೆಲೇ ಕಣ್ಣಿಗೆ ಸಿಗುವುದಿಲ್ಲ. ಬೇರೆ ಬೇರೆ ಜಾಗಗಳಿಂದ ಕಂಡದ್ದನ್ನು ಹೊಲಿಗೆ ಕಾಣದ ಹಾಗೆ ಸೇರಿಸಿದ್ದಾರೆ. ನನಗೆ ಅವರ ದೊಡ್ಡ ಕೈಚಳಕ ಅನ್ನಿಸುವುದು ಇದೇ.

ಚಿತ್ರ ಎರಡು ಮೀಟರ್‌ನಷ್ಟು ಅಗಲವಿದೆ. ಮೊಬೈಲ್‌ನಲ್ಲಿ ನೋಡಿದರೆ ಏನೂ ದಕ್ಕುವುದಿಲ್ಲ. ದೊಡ್ಡ ಪರದೆಯಲ್ಲಿ ಹಡಗುಗಳನ್ನು ಹಿಗ್ಗಿಸಿ ನೋಡಿ. ಕೂದಲೆಳೆಯಂಥ ಹಗ್ಗಗಳು, ಬೇರೆ ಬೇರೆ ದೇಶಗಳ ಬಾವುಟಗಳು, ನಡುವೆ ಹುಟ್ಟು ಹಾಕುತ್ತಾ ನಿಂತ ಪುಟ್ಟ ಪುಟ್ಟ ದೋಣಿಯವರು. ಕಟ್ಟಡಗಳಿಗಿಂತ ಜಾಸ್ತಿ ಹೊತ್ತು ಅಲ್ಲೇ ಕಳೆಯಿರಿ.