ಮಕ್ಕಳಿಗೆ ಸೂಜಿ-ದಾರ ಕಲಿಸೋರು ಎಲ್ಲಿ ಸಿಗ್ತಾರೆ?

ನಮಸ್ಕಾರ. ನಿಮ್ಮ ಪತ್ರ ಉದ್ದ ಇದೆ, ಬೇರೆ ಓದುಗರಿಗೋಸ್ಕರ ಅದರ ಸಾರ ಹೇಳಿಬಿಡ್ತೀನಿ. ನಿಮ್ಮ ಮಗಳಿಗೆ 9 ವರ್ಷ, ಮಗನಿಗೆ 6. ಇಬ್ಬರಿಗೂ ಕಸೂತಿ, ಕ್ರೋಶಾ (ತುದಿಯಲ್ಲಿ ಕೊಕ್ಕೆ ಇರೋ ಒಂದೇ ಕಡ್ಡಿಯ ಉಲ್ಲನ್ ಕೆಲಸ), ಹೆಣಿಗೆ (ಎರಡು ಕಡ್ಡಿಯದು) ಅಂದ್ರೆ ಆಸೆ. ನಿಮಗೆ ಬಿದ್ದ ಗುಂಡಿ ಹಾಕೋದು ಬಿಟ್ರೆ ಬೇರೇನೂ ಬರಲ್ಲ. ವಿಚಾರಿಸಿದ ಕ್ಲಾಸ್‌ಗಳೆಲ್ಲ ದೊಡ್ಡವರಿಗೆ ಮಾತ್ರ, ಶಾಲೇಲಿ ಹೊಲಿಗೆ ಪೀರಿಯಡ್ ಇಲ್ಲ, ವಿಡಿಯೋ ಹಾಕಿಕೊಟ್ರೆ ಸ್ವಲ್ಪ ಹೊತ್ತಿಗೆಲ್ಲ ದಾರ ಸಿಕ್ಕಾಗಿ ಮಗಳು ಅಳೋಕೆ ಶುರು ಮಾಡ್ತಾಳೆ. ಇದರ ಮೇಲೆ ಮನೇಲಿ ಒಬ್ಬರು "ಗಂಡು ಹುಡುಗನಿಗೆ ಇದೆಲ್ಲ ಯಾಕೆ" ಅಂತ ಬೇರೆ ಅಂದಿದ್ದಾರೆ. ಮಕ್ಕಳಿಗೆ ಇದನ್ನ ಕಲಿಸೋ ಜಾಗ ಎಲ್ಲಿದೆ ಹೇಳಿ ಅಂತ ಕೇಳಿದೀರ.

ಜಾಗ ಆಮೇಲೆ ನೋಡೋಣ, ಮೊದಲು ಒಬ್ಬ ಮನುಷ್ಯರನ್ನ ಹುಡುಕಿ. ನಿಮ್ಮ ಮಗಳ ಪಕ್ಕ ಅರ್ಧ ಗಂಟೆ ಕೂತು ತಮ್ಮ ಪಾಡಿಗೆ ತಾವು ಕೈಕೆಲಸ ಮಾಡ್ಕೊಂಡಿರೋ ಒಬ್ಬರು ಸಿಕ್ಕರೆ ಸಾಕು, ಸಿಲಬಸ್ಸು ಸರ್ಟಿಫಿಕೇಟು ಏನೂ ಬೇಡ, ಯಾಕಂದ್ರೆ ಈ ವಿದ್ಯೆಯಲ್ಲಿ ಅರ್ಧಕ್ಕರ್ಧ ಬಾಯಲ್ಲಿ ಹೇಳೋಕೇ ಆಗಲ್ಲ. ಕ್ರೋಶಾನೇ ತಗೊಳ್ಳಿ. ವಿಡಿಯೋದಲ್ಲಿ ಎಲ್ಲರೂ ಬಲಗೈಯ ಕಡ್ಡಿ ತೋರಿಸ್ತಾರೆ, ಆದರೆ ಮಗುವಿಗೆ ಕಷ್ಟ ಆಗೋದು ಎಡಗೈ. ಉಲ್ಲನ್ ಕಿರುಬೆರಳಿಗೆ ಒಂದು ಸುತ್ತು ಹಾಕ್ಕೊಂಡು, ತೋರುಬೆರಳ ಮೇಲಿಂದ ಬಂದು, ಜಾಸ್ತಿ ಬಿಗಿಯೂ ಆಗದೆ ಜಾಸ್ತಿ ಸಡಿಲವೂ ಆಗದೆ ಸರಿತಾ ಇರಬೇಕು. ಆ ಹದ ಪಕ್ಕದಲ್ಲಿರೋರು ಬೆರಳು ಹಿಡಿದು ತೋರಿಸಿದ್ರೆ ಮಾತ್ರ ಬೇಗ ಬರುತ್ತೆ. ಕಡ್ಡಿ ಎರಡು ಎಳೆ ಕೆಳಗೆ ಹೋಗೋ ಕಡೆ ಒಂದೇ ಎಳೆ ಕೆಳಗೆ ಹೋಯ್ತು ಅಂದುಕೊಳ್ಳಿ, ವಿಡಿಯೋ ಅದನ್ನ ನೋಡಲ್ಲ, ತನ್ನ ಪಾಡಿಗೆ ತಾನು ಮುಂದಿನ ಸಾಲಿಗೆ ಹೋಗಿರುತ್ತೆ.

ಅಂಥವರು ಎಲ್ಲಿದ್ದಾರೆ ಅಂದ್ರೆ, ನೀವಂದುಕೊಂಡಿರೋದಕ್ಕಿಂತ ಹತ್ತಿರ. ಅಕ್ಕಪಕ್ಕದ ಮನೆಯ ಅಜ್ಜಿ, ರಿಟೈರ್ ಆಗಿರೋ ಟೀಚರ್, ನಿಮ್ಮ ಬಟ್ಟೆ ಹೊಲಿದು ಕೊಡೋ ಟೈಲರ್, ಬಸ್ಸಲ್ಲಿ ಕೂತು ಸ್ವೆಟರ್ ಹೆಣಿಯೋರು, ಇವರಲ್ಲಿ ಯಾರನ್ನಾದರೂ ಬಾಯಿಬಿಟ್ಟು ಕೇಳಿ. "ನಮ್ಮ ಮಗಳಿಗೆ ಕಸೂತಿ ಕಲಿಸ್ತೀರಾ" ಅಂತ ಕೇಳಿದ್ರೆ ಮಾತ್ರ ಹೆಚ್ಚಿನವರು ಹಿಂಜರಿತಾರೆ, ನನಗೆ ಕಲಿಸೋಕೆಲ್ಲ ಬರಲ್ಲಪ್ಪ ಅಂತಾರೆ. ಅದರ ಬದಲು "ಭಾನುವಾರ ಅರ್ಧ ಗಂಟೆ ಬರ್ತೀವಿ, ಚೈನ್ ಹೊಲಿಗೆ ಒಂದು ತೋರಿಸಿಕೊಡಿ ಸಾಕು" ಅನ್ನಿ, ಅಷ್ಟಕ್ಕೆ ಇಲ್ಲ ಅನ್ನೋರು ಕಡಿಮೆ, ಒಂದು ಸಲ ಕೂತರೆ ಎರಡನೇ ಭಾನುವಾರ ಅವರೇ ಕರೀತಾರೆ. ಟೈಲರ್ ಹತ್ರ ಇನ್ನೊಂದು ಲಾಭ ಇದೆ, ಕತ್ತರಿಸಿ ಉಳಿದ ಬಟ್ಟೆ ಚೂರು ಸಿಗುತ್ತೆ, ಹೊಸ ಬಟ್ಟೆ ಹಾಳಾಗುತ್ತೆ ಅನ್ನೋ ಭಯ ಇಲ್ಲದೆ ಮಗು ಹೊಲಿಯಬಹುದು.

ದೊಡ್ಡವರ ಕ್ಲಾಸ್‌ಗೂ ಇನ್ನೊಂದು ಸಲ ಫೋನ್ ಮಾಡಿ. ಚಿಕ್ಕವರನ್ನ ಬೇಡ ಅನ್ನೋಕೆ ಕಾರಣ ಬಹುಪಾಲು ಕತ್ತರಿ-ಸೂಜಿ ಭಯ, ಆಮೇಲೆ ಒಂದೇ ಮಗುವಿಗೇ ಟೈಮೆಲ್ಲ ಹೋಗುತ್ತೆ ಅನ್ನೋ ಚಿಂತೆ. "ನಾನೂ ಮಗಳೂ ಜೊತೆಗೆ ಸೇರ್ತೀವಿ, ಅವಳ ಪಕ್ಕ ನಾನೇ ಕೂತಿರ್ತೀನಿ" ಅಂದ್ರೆ ಎಷ್ಟೋ ಜನ ಒಪ್ಪುತಾರೆ. ನೀವೂ ಕಲಿತ ಹಾಗಾಗುತ್ತೆ, ಮನೇಗೆ ಬಂದ ಮೇಲೆ ಸಿಕ್ಕು ಬಿಡಿಸೋಕೆ ಒಬ್ಬರು ಇದ್ದ ಹಾಗೂ ಆಗುತ್ತೆ. ಆದರೆ ಸೇರೋ ಮೊದಲು ಒಂದು ಮಾತು ಕೇಳಿ: ಮಗು ತಪ್ಪು ಹಾಕಿದ್ರೆ ಯಾರು ಬಿಚ್ಚುತಾರೆ? ಟೀಚರೇ ಬಿಚ್ಚಿ ಟೀಚರೇ ಹಾಕಿ ನೀಟಾಗಿ ಮುಗಿಸಿ ಮನೇಗೆ ಕಳಿಸೋ ಕಡೆ ದಯವಿಟ್ಟು ಹೋಗಬೇಡಿ. ಅಲ್ಲಿಂದ ಬರೋ ಕರ್ಚೀಫು ಚೆನ್ನಾಗಿರುತ್ತೆ, ಆದರೆ ಅದು ನಿಮ್ಮ ಮಗಳದ್ದಲ್ಲ ಅಂತ ಅವಳಿಗೂ ಗೊತ್ತಿರುತ್ತೆ, ನನಗೆ ಇದು ತುಂಬ ಬೇಜಾರಿನ ವಿಷಯ. ನೀವು ಕಲಿಸುವಾಗಲೂ ಅಷ್ಟೇ, ಅವಳ ಕೈಯಿಂದ ಕಿತ್ಕೊಳ್ಳಬೇಡಿ. ನಿಮ್ಮ ಕೈಯಲ್ಲೂ ಒಂದು ಚೂರು ಬಟ್ಟೆ ಇಟ್ಕೊಂಡು ಅದರ ಮೇಲೆ ತೋರಿಸಿ.

ದಾರ ಸಿಕ್ಕಾಗೋದು ಅಂದ್ರಲ್ಲ, ಅದು ಮಗಳ ತಪ್ಪಲ್ಲ. ಮಕ್ಕಳು ಪದೇ ಪದೇ ಸೂಜಿ ಪೋಣಿಸೋದು ಬೇಡ ಅಂತ ಮಾರುದ್ದ ದಾರ ಕತ್ತರಿಸ್ತಾರೆ, ಪ್ರತಿ ಹೊಲಿಗೆಗೂ ಅದು ತಿರುಚ್ಕೊಂಡು ಗಂಟಾಗುತ್ತೆ. ಬೆರಳ ತುದಿಯಿಂದ ಮೊಣಕೈ ದಾಟಿ ಸ್ವಲ್ಪ, ಅಂದ್ರೆ ಸುಮಾರು 45 ಸೆಂಟಿಮೀಟರ್, ಅದಕ್ಕಿಂತ ಉದ್ದ ಬೇಡ. ಕಸೂತಿ ದಾರದ ಲಡಿ ನೋಡಿದೀರಲ್ಲ, ಅದು ನೋಡೋಕೆ ಒಂದೇ ದಾರ, ಬಿಡಿಸಿದ್ರೆ 6 ಎಳೆ. ಶುರುವಿಗೆ 3 ಎಳೆ ಸಾಕು. ಮೂರನ್ನೂ ಒಟ್ಟಿಗೆ ಎಳೆದ್ರೆ ಕೆಳಗೆ ಉಂಡೆ ಕಟ್ಕೊಳ್ಳುತ್ತೆ, ಒಂದೊಂದೇ ಎಳೆಯ ತುದಿ ಹಿಡಿದು ನೇರ ಮೇಲಕ್ಕೆ ಎಳೀಬೇಕು, ಉಳಿದಿದ್ದು ಮುದುಡಿ ಮತ್ತೆ ಬಿಚ್ಕೊಳ್ಳುತ್ತೆ, ಆಮೇಲೆ ಮೂರನ್ನೂ ಜೋಡಿಸಿ. ಹೊಲೀತಾ ದಾರ ತಿರುಚಿದಾಗ ಸೂಜಿಯನ್ನ ಬಟ್ಟೆಯಿಂದ ಕೆಳಗೆ ತೂಗಾಡೋಕೆ ಬಿಡಿ, ತಾನೇ ಗಿರಗಿರ ಸುತ್ತಿ ಸರಿಹೋಗುತ್ತೆ. ಮಕ್ಕಳಿಗೆ ಇದು ಭಾರಿ ಇಷ್ಟ, ಬೇಕು ಅಂತಲೇ ಮತ್ತೆ ಮತ್ತೆ ಮಾಡ್ತಾರೆ.

ಮಗಳಿಗೆ ಹೆಣಿಗೆಗಿಂತ ಮೊದಲು ಕ್ರೋಶಾ ಕೊಡಿ. ಹೆಣಿಗೆಯಲ್ಲಿ ಒಂದು ಸಾಲಿನ ಕಣ್ಣೆಲ್ಲ, ಅಂದ್ರೆ ಉಲ್ಲನ್ ಕುಣಿಕೆಗಳೆಲ್ಲ, ಕಡ್ಡಿ ಮೇಲೇ ಇರುತ್ತೆ, ಕಡ್ಡಿ ಜಾರಿದ್ರೆ ಅಷ್ಟೂ ಬಿಚ್ಚೋಕೆ ಶುರು. ಕ್ರೋಶಾದಲ್ಲಿ ಕಡ್ಡಿ ಮೇಲೆ ಬಿಚ್ಚಿಹೋಗಬಹುದಾದ ಕಣ್ಣು ಒಂದೇ ಒಂದು, ತಪ್ಪಾದ್ರೆ ಅಲ್ಲೀವರೆಗೆ ಎಳೆದು ಮತ್ತೆ ಹಾಕಬಹುದು. 5 ಮಿಲಿಮೀಟರ್ ದಪ್ಪದ ಕಡ್ಡಿ, ತಿಳಿ ಬಣ್ಣದ ನಯವಾದ ಉಲ್ಲನ್ ಇರಲಿ. ಕಪ್ಪು ಬೇಡ, ಜುಂಗು ಜುಂಗು ಇರೋದಂತೂ ಬೇಡವೇ ಬೇಡ, ಕಣ್ಣು ಎಲ್ಲಿದೆ ಅಂತ ದೊಡ್ಡವರಿಗೇ ಕಾಣಲ್ಲ.

ಲೆಕ್ಕ ಇಷ್ಟ ಅಂತ ಬರೆದಿದೀರಲ್ಲ ಮಗಳಿಗೆ, ಅವಳಿಗೆ ಇದನ್ನ ಹೇಳಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೈನಾ ತೈಮಿನಾ ಅನ್ನೋ ಗಣಿತಜ್ಞೆ 1997ರಲ್ಲಿ ಹೈಪರ್ಬೋಲಿಕ್ ಜ್ಯಾಮಿತಿಯ (ಅಂಚಿಗೆ ಹೋದಷ್ಟೂ ಹಿಗ್ಗಿ ಅಲೆಅಲೆಯಾಗೋ ಮೇಲ್ಮೈಯ ಲೆಕ್ಕ) ಮಾದರಿಯನ್ನ ಕ್ರೋಶಾದಲ್ಲಿ ಮಾಡಿದ್ರು. ಕಾಗದದಲ್ಲಿ ಮಾಡಿದ್ದು ಮುಟ್ಟಿದ್ರೆ ಹರಿದುಹೋಗ್ತಿತ್ತು, ಉಲ್ಲನ್ ಆದ್ರೆ ಮಡಚಿ ಎಳೆದು ನೋಡಬಹುದು. ವಿಧಾನ ಅವಳ ಕೈಗೂ ಎಟುಕುತ್ತೆ: ಪ್ರತಿ ಸಾಲಲ್ಲೂ ಎರಡು ಕಣ್ಣಿಗೆ ಒಂದೊಂದು ಹಾಕಿ ಮೂರನೇ ಕಣ್ಣಲ್ಲಿ ಎರಡು ಹಾಕ್ತಾ ಹೋಗೋದು, ಅಷ್ಟೇ. ಕೆಲವೇ ಸಾಲಿಗೆ ಅಂಚು ಅಲೆಅಲೆಯಾಗಿ ಏಳುತ್ತೆ. ಯಾಕೆ ಏಳುತ್ತೆ ಅಂತ ಅವಳೇ ಕೇಳ್ತಾಳೆ, ನೋಡಿ ಬೇಕಾದ್ರೆ.

ಮಗನಿಗೆ ಇನ್ನೂ ಸಣ್ಣ ವಯಸ್ಸು, ಬೆರಳಲ್ಲೇ ಹೆಣಿಯೋದು ಕಲಿಸಿ, ಇಲ್ಲಾಂದ್ರೆ ರಟ್ಟಿನ ಮಗ್ಗ ಮಾಡಿಕೊಡಿ. ಗಟ್ಟಿ ರಟ್ಟಿನ ಮೇಲೂ ಕೆಳಗೂ ಒಂದೊಂದು ಸೆಂಟಿಮೀಟರ್‌ಗೆ ಕಚ್ಚು ಮಾಡಿ ಹಾಸಿನ (ಉದ್ದಕ್ಕೆ ಹೋಗೋ) ದಾರ ಸುತ್ತೋದು, ಮೊಂಡು ತುದಿಯ ದೊಡ್ಡ ಕಣ್ಣಿನ ಸೂಜಿಯಲ್ಲಿ ಹೊಕ್ಕಿನ (ಅಡ್ಡಕ್ಕೆ ಹೋಗೋ) ಉಲ್ಲನ್ ಒಂದು ಮೇಲೆ ಒಂದು ಕೆಳಗೆ ಹಾಯಿಸೋದು. ಎಲ್ಲ ಮಕ್ಕಳ ನೇಯ್ಗೆಯೂ ನಡುವಲ್ಲಿ ಸೊಂಟ ಕಟ್ಟಿದ ಹಾಗೆ ಸಣ್ಣ ಆಗುತ್ತೆ, ಹೊಕ್ಕನ್ನ ಬಿಗಿಯಾಗಿ ಎಳೀತಾರೆ ಅದಕ್ಕೆ. ದಾರವನ್ನ ಕಮಾನಿನ ಥರ ಓರೆಯಾಗಿ ಬಿಟ್ಟು ಆಮೇಲೆ ಬಾಚಣಿಗೆಯಲ್ಲಿ ಕೆಳಗೆ ತಳ್ಳೋಕೆ ಹೇಳಿ, ಅಂಚು ನೇರ ನಿಲ್ಲುತ್ತೆ. ಕೆಲಸ ಮುಗಿದ ಮೇಲೆ ಸೂಜಿ ಎಣಿಸಿ ಎತ್ತಿಡೋದು ಮೊದಲ ದಿನದಿಂದಲೇ ರೂಢಿ ಆಗಲಿ. ಇಬ್ಬರಲ್ಲಿ ಯಾರಾದರೂ ಎಡಚರಾದ್ರೆ ಕಲಿಸೋರು ಪಕ್ಕ ಬಿಟ್ಟು ಎದುರಿಗೆ ಕೂರಲಿ, ಕನ್ನಡಿಯಲ್ಲಿ ನೋಡಿದ ಹಾಗೆ ಕಾಣುತ್ತೆ.

ಗಂಡು ಹುಡುಗನಿಗೆ ಯಾಕೆ ಅಂದವರಿಗೆ ಟಾಮ್ ಡೇಲಿ ಫೋಟೋ ತೋರಿಸಿ. ಡೈವಿಂಗ್‌ನಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದವರು, 2021ರಲ್ಲಿ ಟೋಕಿಯೋದ ಗ್ಯಾಲರಿಯಲ್ಲಿ ಕೂತು ಎಲ್ಲರ ಎದುರಿಗೇ ಹೆಣೀತಾ ಇದ್ರು, ಮೆಡಲ್‌ಗೆ ತಾವೇ ಒಂದು ಚೀಲ ಮಾಡ್ಕೊಂಡಿದ್ರು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 1919ರಲ್ಲಿ ಶುರುವಾದ ವಾಲ್ಡಾರ್ಫ್ ಶಾಲೆಯ ಪದ್ಧತಿಯಲ್ಲಿ ಗಂಡು-ಹೆಣ್ಣು ಅಂತಿಲ್ಲದೆ ಚಿಕ್ಕ ಕ್ಲಾಸಿನ ಮಕ್ಕಳೆಲ್ಲ ಹೆಣೀತಾರೆ. ಬೆರಳು ಎಲ್ಲರಿಗೂ ಹತ್ತೇ ಇರೋದು, ಗುಂಡಿ ಎಲ್ಲರ ಅಂಗಿಯಿಂದಲೂ ಬೀಳುತ್ತೆ.

ಶಾಲೆಯವರ ಹತ್ರ ಪೀರಿಯಡ್ ಕೇಳಿದ್ರೆ ಟೈಮ್‌ಟೇಬಲ್ ತೋರಿಸ್ತಾರೆ. ವಾರಕ್ಕೊಂದು ದಿನ ಊಟದ ಬಿಡುವಲ್ಲಿ ಒಂದು ಖಾಲಿ ರೂಮು ಮಾತ್ರ ಕೇಳಿ, ಆಸಕ್ತಿ ಇರೋ ನಾಲ್ಕು ಮಕ್ಕಳು, ಒಬ್ಬರು ದೊಡ್ಡವರು. ಎರಡು ತಿಂಗಳಲ್ಲಿ ನಿಮ್ಮ ಮಗಳೇ ಚಿಕ್ಕವರಿಗೆ ಚೈನ್ ಹೊಲಿಗೆ ತೋರಿಸ್ತಿರ್ತಾಳೆ, ಮಕ್ಕಳಿಂದ ಮಕ್ಕಳು ಕಲಿಯೋ ವೇಗ ನಮಗೆ ನಿಮಗೆ ಬರಲ್ಲ.

ಈ ಸಂಚಿಕೆ ಓದ್ತಿರೋರಲ್ಲಿ ಸೂಜಿ, ಕಡ್ಡಿ, ತಕಲಿ ಯಾವುದನ್ನಾದರೂ ಕೈಯಲ್ಲಿ ಆಡಿಸಿರೋರು ತುಂಬ ಜನ ಇದೀರ ಅಂತ ನನಗೆ ಗೊತ್ತು. ತಿಂಗಳಿಗೆ ಎರಡು ಸಲ ಒಂದು ಮಗುವಿನ ಪಕ್ಕ ಕೂರೋಕೆ ಆಗುತ್ತೆ ಅನ್ನೋರು ನಮಗೆ ಒಂದು ಸಾಲು ಬರೀರಿ, ಏನು ಬರುತ್ತೆ, ಯಾವ ದಿನ ಬಿಡುವು, ಅಷ್ಟು ಸಾಕು. ನಿಮ್ಮ ಊರ ಕಡೆಯಿಂದ ಕೇಳಿ ಬರೆದ ತಂದೆ-ತಾಯಿಗೆ ತಲುಪಿಸೋ ಕೆಲಸ ನಮ್ಮದು.