ಸಡಿಲ ಅಂಗಿಯ ಗಾಯಕಿ, ಬಿಗಿ ಉಡುಪಿನ ಗಾಯಕಿ: ತಾಯಿ ಮಗಳ ಒಂದು ಪ್ರಕರಣ

ಸಲಹೆಗಾಗಿ ನನ್ನ ಬಳಿ ಬಂದ ಒಬ್ಬ ತಾಯಿ ಮತ್ತು ಮಗಳ ಪ್ರಕರಣವಿದು. ಅವರ ಗುರುತು ಸಿಗದಂತೆ ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಇಬ್ಬರ ಒಪ್ಪಿಗೆಯೂ ಇದೆ. ಗಾಯಕಿಯರ ಹೆಸರುಗಳನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಜಗಳ ನಡೆದದ್ದೇ ಆ ಹೆಸರುಗಳನ್ನು ಹಿಡಿದು.

ಮಗಳಿಗೆ ಹದಿನೈದು ವರ್ಷ. ‘ಮೊಬೈಲ್ ಗೀಳು, ಹೇಳಿದ ಮಾತು ಕೇಳುವುದಿಲ್ಲ, ಅಸಭ್ಯ ಹಾಡುಗಳ ಹುಚ್ಚು’ ಎಂಬುದು ತಾಯಿ ಬರೆದುಕೊಟ್ಟಿದ್ದ ದೂರು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ವಿಚಾರಿಸಿದಾಗ ತಿಳಿದದ್ದು ಹೀಗೆ. ಶಾಲೆಯ ಕಾರ್ಯಕ್ರಮವೊಂದಕ್ಕೆ ಹುಡುಗಿ ಗೆಳತಿಯರೊಡನೆ ಅಮೆರಿಕದ ಪಾಪ್ ಗಾಯಕಿ ಸಬ್ರಿನಾ ಕಾರ್ಪೆಂಟರ್ ಅವರ ಹಾಡಿಗೆ ನೃತ್ಯ ಕಲಿಯುತ್ತಿದ್ದಳು. ಯಾರಿವಳು ಎಂದು ಹುಡುಕಿದ ತಾಯಿಯ ಕಣ್ಣಿಗೆ ಮೊದಲು ಬಿದ್ದದ್ದು ಆ ಗಾಯಕಿಯ 2025ರ ‘ಮ್ಯಾನ್ಸ್ ಬೆಸ್ಟ್ ಫ್ರೆಂಡ್’ ಆಲ್ಬಮ್‌ನ ಮುಖಪುಟ: ಗಾಯಕಿ ನೆಲದ ಮೇಲೆ ಮಂಡಿಯೂರಿದ್ದಾರೆ, ಮುಖ ಕಾಣದ ಗಂಡಸೊಬ್ಬನ ಕೈ ಅವರ ಕೂದಲನ್ನು ಹಿಡಿದಿದೆ. ಈ ಚಿತ್ರ ಹೆಣ್ಣನ್ನು ಸಾಕುಪ್ರಾಣಿಯ ಮಟ್ಟಕ್ಕೆ ಇಳಿಸುತ್ತದೆ ಎಂದು ಅನೇಕರು ಟೀಕಿಸಿದರು. ಇದು ಗಂಡಸರನ್ನೇ ಅಣಕಿಸುವ ವ್ಯಂಗ್ಯ ಎಂದು ಇನ್ನು ಕೆಲವರು ಸಮರ್ಥಿಸಿದರು. ಮುಂದೆ ಬೇರೊಂದು ಮುಖಪುಟವೂ ಹೊರಬಂತು. ತಾಯಿಗೆ ಆ ಚರ್ಚೆಯೆಲ್ಲ ಬೇಕಿರಲಿಲ್ಲ. ಅವರು ಮೊಬೈಲನ್ನು ಕಸಿದುಕೊಂಡು ಹಾಡುಗಳ ಪಟ್ಟಿಯನ್ನು ಅಳಿಸಿ, “ಕೇಳಲೇಬೇಕು ಅಂತಿದ್ದರೆ ಬಿಲ್ಲಿ ಐಲಿಶ್ ಹಾಡು ಕೇಳು. ಮೈತುಂಬ ಬಟ್ಟೆ ಹಾಕಿಕೊಂಡೇ ಅವಳು ಜಗತ್ತನ್ನು ಗೆದ್ದಿಲ್ಲವೇ?” ಎಂದರು. ಮಗಳು ಮನೆಯ ಕಂಪ್ಯೂಟರಿನಲ್ಲಿ ಬ್ರಿಟಿಷ್ ವೋಗ್ ಎಂಬ ಫ್ಯಾಷನ್ ಪತ್ರಿಕೆಯ 2021ರ ಜೂನ್ ಸಂಚಿಕೆಯನ್ನು ಹುಡುಕಿ ತೆಗೆದು ತಾಯಿಗೆ ತೋರಿಸಿದಳು. ಅದರ ಮುಖಪುಟದಲ್ಲಿ ಹತ್ತೊಂಬತ್ತು ವರ್ಷದ ಐಲಿಶ್ ಎದೆ ಸೊಂಟಗಳನ್ನು ಬಿಗಿದು ಹಿಡಿಯುವ ಕಾರ್ಸೆಟ್ ಎಂಬ ಉಡುಪು ತೊಟ್ಟು ನಿಂತಿದ್ದರು. ಅದೂ ಸಾಲದೆ, ಐಲಿಶ್ 2024ರ ಆಲ್ಬಮ್‌ನಲ್ಲಿ ಇನ್ನೊಬ್ಬ ಹೆಣ್ಣಿನ ಮೇಲಿನ ಆಸೆಯನ್ನು ಮುಚ್ಚುಮರೆಯಿಲ್ಲದೆ ಹಾಡಿದ್ದಾರೆ ಎಂಬುದನ್ನೂ ಸೇರಿಸಿ ಹೇಳಿದಳು.

ಹೀಗಾಗಿ ನನ್ನೆದುರು ಕುಳಿತಾಗ ತಾಯಿಯ ಮುಖದಲ್ಲಿ ಮೋಸಹೋದ ಭಾವವಿತ್ತು, ಮಗಳ ಮುಖದಲ್ಲಿ ಮೊಕದ್ದಮೆ ಗೆದ್ದ ಭಾವವಿತ್ತು. ತಂದೆ ‘ಈ ಹಾಡುಗಳೊಂದೂ ನನಗೆ ಗೊತ್ತಿಲ್ಲ’ ಎಂದು ಹೊರಗೇ ಉಳಿದಿದ್ದರು. (ಇಂಥ ಜಗಳಗಳಲ್ಲಿ ತಂದೆಯಂದಿರು ಎಷ್ಟು ಸಲೀಸಾಗಿ ಹೊರಗುಳಿಯುತ್ತಾರೆ ಎಂಬುದರ ಬಗ್ಗೆ ಪ್ರತ್ಯೇಕವಾಗಿಯೇ ಬರೆಯಬೇಕಾದೀತು.) ಎದುರುಬದುರಾಗಿದ್ದ ಈ ಇಬ್ಬರೂ ಒಂದು ವಿಷಯದಲ್ಲಿ ಮಾತ್ರ ಒಮ್ಮತದಿಂದಿದ್ದರು: ಗಾಯಕಿಯ ಮೈಮೇಲೆ ಎಷ್ಟು ಬಟ್ಟೆಯಿದೆ ಎಂಬುದನ್ನು ನೋಡಿದರೆ ಲೈಂಗಿಕತೆಯ ಬಗ್ಗೆ ಅವಳ ನಿಲುವು ಗೊತ್ತಾಗುತ್ತದೆ ಎಂದು ಇಬ್ಬರೂ ನಂಬಿದ್ದರು. ಬಟ್ಟೆ ಹೆಚ್ಚಿದ್ದರೆ ಸಂಯಮ ಎಂದು ತಾಯಿ, ಕಡಿಮೆಯಿದ್ದರೆ ಸ್ವಾತಂತ್ರ್ಯ ಎಂದು ಮಗಳು. ನನ್ನ ಕೆಲಸ ಆ ನಂಬಿಕೆಯಿಂದಲೇ ಶುರುವಾಗಬೇಕಿತ್ತು.

ಮಗಳೊಡನೆ ಪ್ರತ್ಯೇಕವಾಗಿ ಮಾತನಾಡಿದಾಗ ಪ್ರಕರಣದ ಇನ್ನೊಂದು ಮುಖ ಕಂಡಿತು. ಅತ್ಯಂತ ದಿಟ್ಟ ಹಾಡುಗಳನ್ನು ಮೆಚ್ಚುವ ಈ ಹುಡುಗಿ, ತನ್ನ ಅಳತೆಗಿಂತ ಬಹಳ ದೊಡ್ಡದಾದ, ತೋಳು ಬೆರಳ ತುದಿಯವರೆಗೆ ಇಳಿಬಿದ್ದ ಅಂಗಿ ತೊಟ್ಟಿದ್ದಳು. ಕುಳಿತಲ್ಲಿಂದ ಏಳುವಾಗಲೆಲ್ಲ ಅಂಗಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಚಿಕ್ಕಂದಿನಿಂದ ಇಷ್ಟಪಟ್ಟು ಕಲಿತ ಈಜನ್ನು ಕೆಲವು ತಿಂಗಳ ಹಿಂದೆ ಬಿಟ್ಟಿದ್ದಳು. ಮನೆಯಲ್ಲಿ ಓದಿನ ನೆಪ ಹೇಳಿದ್ದಳು. ನಿಜವಾದ ಕಾರಣವೆಂದರೆ, ತರಗತಿಯ ಕೆಲವು ಹುಡುಗರು ತಮ್ಮ ಮೆಸೇಜ್ ಗುಂಪಿನಲ್ಲಿ ಹುಡುಗಿಯರ ಮೈಕಟ್ಟಿಗೆ ಅಂಕ ಕೊಡುತ್ತಿದ್ದರು, ಮತ್ತು ಇವಳ ಬಗ್ಗೆ ಬರೆದ ಸಾಲುಗಳು ಹೇಗೋ ಇವಳಿಗೇ ತಲುಪಿದ್ದವು. ಆ ಗಾಯಕಿ ಏಕೆ ಇಷ್ಟ ಎಂದು ಕೇಳಿದ್ದಕ್ಕೆ, “ಅವರಿಗೆ ತಮ್ಮ ಮೈ ಬಗ್ಗೆ ನಾಚಿಕೆಯೇ ಇಲ್ಲ ಮೇಡಂ. ಎಲ್ಲರೂ ನೋಡುತ್ತಾರೆ ಅಂತ ಗೊತ್ತಿದ್ದೂ ನಗುತ್ತಾರೆ. ನನಗೆ ಹಾಗಿರಲು ಆಗುವುದಿಲ್ಲ” ಎಂದಳು.

ಅವಳಿಗೆ ಆ ಹಾಡುಗಳು ಅನುಕರಣೆಯ ಮಾದರಿಯಾಗಿರಲಿಲ್ಲ. ತನ್ನಲ್ಲಿಲ್ಲದ ಧೈರ್ಯವನ್ನು ಒಂದು ಹಾಡಿನ ಹೊತ್ತಿಗೆ ಕಡ ಪಡೆಯುತ್ತಿದ್ದಳು. ತಾಯಿಯಾದರೋ ಮಗಳ ದೊಗಳೆ ಅಂಗಿಯನ್ನು ಕಂಡು, ‘ಬಟ್ಟೆಯ ವಿಷಯದಲ್ಲಿ ಮಾತ್ರ ಇವಳು ಅಪ್ಪಟ ಚಿನ್ನ’ ಎಂದು ನೆಂಟರ ಮುಂದೆ ಹೊಗಳುತ್ತಿದ್ದರು. ಅವಮಾನಕ್ಕೆ ಹೆದರಿ ತೊಟ್ಟ ಬಟ್ಟೆಗೆ ಸಿಗುವ ಹೊಗಳಿಕೆ ಆ ಹೆದರಿಕೆಯನ್ನೇ ಗಟ್ಟಿಮಾಡುತ್ತದೆ ಎಂಬುದು ನನ್ನ ಅನುಭವ.

ಇಲ್ಲಿ ಐಲಿಶ್ ಅವರ ಉದಾಹರಣೆ ನನಗೆ ತಾಯಿ ಬಯಸಿದ್ದಕ್ಕಿಂತ ಬೇರೆ ರೀತಿಯಲ್ಲಿ ಉಪಯೋಗಕ್ಕೆ ಬಂತು. ತಾನು ದೊಗಳೆ ಬಟ್ಟೆ ಹಾಕುವುದು ಒಳಗೇನಿದೆ ಎಂದು ಯಾರಿಗೂ ಕಾಣದಿರಲಿ, ಕಾಣದಿದ್ದರೆ ಅದರ ಬಗ್ಗೆ ಯಾರೂ ತೀರ್ಪು ಕೊಡಲಾರರು ಎಂಬ ಕಾರಣಕ್ಕೆ ಎಂದು ಆಕೆ 2019ರಲ್ಲಿ ಒಂದು ಜಾಹೀರಾತಿನಲ್ಲೇ ಹೇಳಿದ್ದರು. ಅದು ಶೀಲದ ಘೋಷಣೆಯಾಗಿರಲಿಲ್ಲ, ಆತ್ಮರಕ್ಷಣೆಯಾಗಿತ್ತು. ಆದರೂ ಆಕೆಯ ಅಂಗಿಯನ್ನು ತೋರಿಸಿ ಬೇರೆ ಗಾಯಕಿಯರನ್ನು ಹಳಿಯುವವರು ಹುಟ್ಟಿಕೊಂಡರು. 2020ರ ಸಂಗೀತ ಪ್ರವಾಸದಲ್ಲಿ ತೋರಿಸಿದ ಕಿರುಚಿತ್ರದಲ್ಲಿ ಆಕೆ ಈ ತೀರ್ಪುಗಾರರನ್ನೇ ಪ್ರಶ್ನಿಸಿದರು: ಮೈ ಮುಚ್ಚಿದರೂ ನನ್ನನ್ನು ಅಳೆಯುತ್ತೀರಿ, ತೆರೆದರೂ ಅಳೆಯುತ್ತೀರಿ, ಹಾಗಿದ್ದರೆ ಹೊಣೆ ಯಾರದು ಎಂಬುದು ಅದರ ತಿರುಳು. ಕಾರ್ಸೆಟ್ ತೊಟ್ಟರೆ ಕಪಟಿ ಎಂದು ಕರೆಯುತ್ತಾರೆ ಎಂಬುದನ್ನೂ ಆಕೆ ವೋಗ್ ಸಂದರ್ಶನದಲ್ಲಿ ಮೊದಲೇ ಊಹಿಸಿದ್ದರು. ಹುಡುಗಿಗೆ ಇದನ್ನು ವಿವರಿಸಿದಾಗ ಅವಳು ಬಹಳ ಹೊತ್ತು ಯೋಚಿಸಿ, “ಹಾಗಾದರೆ ಅಮ್ಮ ಹೊಗಳುವ ಗಾಯಕಿಯೂ ನನ್ನ ಥರವೇ” ಎಂದಳು.

ಮನೋವಿಜ್ಞಾನದಲ್ಲಿ ಇದಕ್ಕೊಂದು ವಿವರಣೆಯಿದೆ. ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ 1997ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ಸದಾ ಇತರರ ನೋಟಕ್ಕೆ ಗುರಿಯಾಗುವ ಹೆಣ್ಣು ಕ್ರಮೇಣ ಆ ನೋಟವನ್ನೇ ತನ್ನದಾಗಿಸಿಕೊಂಡು, ತನ್ನ ದೇಹವನ್ನು ತಾನೇ ಹೊರಗಿನಿಂದ ಕಾವಲು ಕಾಯತೊಡಗುತ್ತಾಳೆ. ಈ ಕಾವಲಿಗೆ ಗಮನವೂ ಖರ್ಚಾಗುತ್ತದೆ. 1998ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಕನ್ನಡಿಯಿದ್ದ ಕೋಣೆಗೆ ಕಳಿಸಿ, ಕೆಲವರಿಗೆ ಈಜುಡುಗೆಯನ್ನೂ ಕೆಲವರಿಗೆ ಸ್ವೆಟರನ್ನೂ ತೊಡಿಸಿ, ಗಣಿತದ ಲೆಕ್ಕಗಳನ್ನು ಕೊಡಲಾಗಿತ್ತು. ಯಾರೂ ನೋಡುತ್ತಿರದಿದ್ದರೂ ಈಜುಡುಗೆ ತೊಟ್ಟ ಯುವತಿಯರು ಸ್ವೆಟರ್ ತೊಟ್ಟವರಿಗಿಂತ ಕಡಿಮೆ ಅಂಕ ಪಡೆದರು. ಯುವಕರಲ್ಲಿ ಅಂಥ ಇಳಿಕೆ ಕಾಣಲಿಲ್ಲ. ತರಗತಿಯಲ್ಲಿ ಗಮನ ನಿಲ್ಲುತ್ತಿಲ್ಲ ಎಂಬ ಶಿಕ್ಷಕರ ದೂರಿಗೆ ಮೊಬೈಲ್ ಒಂದೇ ಕಾರಣವಲ್ಲ ಎಂದು ತಾಯಿಗೆ ಮನವರಿಕೆ ಮಾಡಿಕೊಡಲು ನಾನು ಈ ಪ್ರಯೋಗವನ್ನೇ ವಿವರಿಸಿದೆ. ಹುಡುಗರ ಗುಂಪಿನ ವಿಷಯವನ್ನು ಮಗಳ ಒಪ್ಪಿಗೆ ಪಡೆದು, ಅವಳ ಎದುರಿನಲ್ಲೇ ತಿಳಿಸಿದೆ.

ತಾಯಿಯೊಡನೆ ನಡೆದ ಮಾತುಕತೆಯಲ್ಲಿ ಅಮೆರಿಕದ ಪಾಪ್ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಅವರ ಪ್ರಸ್ತಾಪ ಬಂತು. ತಾಯಿ ತಮ್ಮ ಹರೆಯದಲ್ಲಿ ಕೇಳುತ್ತಿದ್ದುದು ಅವರ ಹಾಡುಗಳನ್ನೇ, ಮತ್ತು ‘ಆಗಿನ ಹಾಡುಗಳು ಮುಗ್ಧವಾಗಿದ್ದವು’ ಎಂಬುದು ಅವರ ದೃಢ ನಂಬಿಕೆಯಾಗಿತ್ತು. 1998ರ ಮೊದಲ ವಿಡಿಯೊದಲ್ಲಿ ಶಾಲಾ ಸಮವಸ್ತ್ರವನ್ನು ಹೊಟ್ಟೆ ಕಾಣುವಂತೆ ಕಟ್ಟಿಕೊಂಡು ಕುಣಿದಾಗ ಬ್ರಿಟ್ನಿಗೆ ಹದಿನಾರು ವರ್ಷ. ಅದೇ ಹುಡುಗಿಯ ಕನ್ಯತ್ವ ಆ ವರ್ಷಗಳಲ್ಲಿ ಸಂದರ್ಶಕರು ನೇರವಾಗಿ ಕೇಳುವ ಪ್ರಶ್ನೆಯಾಗಿತ್ತು. ಪ್ರಚೋದನೆ ಮತ್ತು ಪಾವಿತ್ರ್ಯ ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಮಾರಿದ ಕಾಲ ಅದು. ವಿಡಿಯೊಕ್ಕೆ ಶಾಲೆಯ ಹಿನ್ನೆಲೆ ತನ್ನದೇ ಸಲಹೆ ಎಂದು ಬ್ರಿಟ್ನಿ ಹೇಳಿದ್ದಾರೆ, ಆದ್ದರಿಂದ ಯಾರೋ ಬಲವಂತದಿಂದ ಮಾಡಿಸಿದರು ಎಂದು ಸುಲಭವಾಗಿ ಹೇಳಿ ಮುಗಿಸುವಂತೆಯೂ ಇಲ್ಲ. ಆದರೆ 2008ರಿಂದ 2021ರವರೆಗೆ ಅವರು ನ್ಯಾಯಾಲಯ ವಿಧಿಸಿದ ಪಾಲಕತ್ವದ ಅಡಿಯಲ್ಲಿದ್ದರು, ಅಂದರೆ ಅವರ ಹಣ ಮತ್ತು ಬದುಕಿನ ತೀರ್ಮಾನಗಳು ಬೇರೆಯವರ ಕೈಯಲ್ಲಿದ್ದವು. ವೇದಿಕೆಯ ಮೇಲೆ ದಿಟ್ಟತನದ ಪ್ರತಿರೂಪವಾಗಿ ಕುಣಿಯುತ್ತಿದ್ದ ಈ ಮಹಿಳೆ, ಗರ್ಭನಿರೋಧಕ ಸಾಧನವನ್ನು ತೆಗೆಸಿಕೊಳ್ಳಲು ಕೂಡ ತನಗೆ ಅವಕಾಶವಿಲ್ಲ ಎಂದು 2021ರ ಜೂನ್‌ನಲ್ಲಿ ನ್ಯಾಯಾಲಯದ ಮುಂದೆ ಹೇಳಿದರು. ಅದನ್ನು ಕೇಳಿ ತಾಯಿ, “ಅಷ್ಟೆಲ್ಲ ತೋರಿಸುತ್ತಿದ್ದವಳ ಕೈಯಲ್ಲಿ ಏನೂ ಇರಲಿಲ್ಲವೇ?” ಎಂದು ಕೇಳಿದರು. ಆ ಪ್ರಶ್ನೆಯನ್ನು ಮಗಳ ಮುಂದೆಯೂ ಕೇಳಿ ಎಂದು ನಾನು ಸೂಚಿಸಿದೆ, ಏಕೆಂದರೆ ಅದಕ್ಕೆ ಉತ್ತರ ಕೊಡುವುದು ಮಗಳಿಗೆ ಅಷ್ಟು ಸುಲಭವಾಗಿರಲಿಲ್ಲ. ‘ಅದು ಅವಳ ಆಯ್ಕೆ’ ಎಂದರೆ ಎಲ್ಲ ಚರ್ಚೆಯೂ ಮುಗಿಯಿತು ಎಂದು ಅವಳು ತಿಳಿದಿದ್ದಳು.

ಮುಂದಿನ ಜಂಟಿ ಭೇಟಿಯಲ್ಲಿ ನಾನು ಒಂದು ಘಟನೆಯನ್ನು ಮಾತ್ರ ಅವರ ಮುಂದಿಟ್ಟೆ. 2004ರ ಫೆಬ್ರುವರಿ 1ರಂದು ಅಮೆರಿಕದ ಫುಟ್ಬಾಲಿನ ಸೂಪರ್ ಬೌಲ್ ಪಂದ್ಯದ ವಿರಾಮದ ಕಾರ್ಯಕ್ರಮದಲ್ಲಿ ಗಾಯಕ ಜಸ್ಟಿನ್ ಟಿಂಬರ್‌ಲೇಕ್ ಎಳೆದಾಗ ಗಾಯಕಿ ಜಾನೆಟ್ ಜಾಕ್ಸನ್ ಅವರ ಉಡುಪು ಹರಿದು ಒಂದು ಸ್ತನ ಕ್ಷಣಕಾಲ ಕಾಣಿಸಿತು. ಎಳೆದ ಕೈ ಗಂಡಸಿನದು. ವಾರದ ನಂತರ ಸಂಗೀತದ ಗ್ರ್ಯಾಮಿ ಸಮಾರಂಭದಲ್ಲಿ ಆತ ಪ್ರಶಸ್ತಿ ಸ್ವೀಕರಿಸಿದ, ಆಕೆ ಅಲ್ಲಿರಲಿಲ್ಲ. 2018ರಲ್ಲಿ ಅದೇ ಸೂಪರ್ ಬೌಲ್ ವೇದಿಕೆಯ ಮುಖ್ಯ ಗಾಯಕ ಆತನೇ. ಆತ ಬಹಿರಂಗವಾಗಿ ಆಕೆಯ ಕ್ಷಮೆ ಕೇಳಿದ್ದು 2021ರಲ್ಲಿ. ಪ್ರಸಾರ ಮಾಡಿದ ವಾಹಿನಿಗೆ ವಿಧಿಸಿದ್ದ 5,50,000 ಡಾಲರ್ ದಂಡವನ್ನು ನ್ಯಾಯಾಲಯ ರದ್ದುಮಾಡಿತು. ಜಾಕ್ಸನ್ ತೆತ್ತ ಬೆಲೆಯನ್ನು ರದ್ದುಮಾಡುವ ನ್ಯಾಯಾಲಯ ಯಾವುದೂ ಇರಲಿಲ್ಲ. ಇದನ್ನು ಹೇಳಿದ ಮೇಲೆ ತಾಯಿಗೆ ನಾನು ಕೇಳಿದ್ದು ಇಷ್ಟೆ: ಅಂಕ ಬರೆದ ಹುಡುಗರ ಮೊಬೈಲು ಇನ್ನೂ ಅವರ ಕೈಯಲ್ಲೇ ಇದೆ, ನಿಮ್ಮ ಮಗಳ ಮೊಬೈಲು ಎಲ್ಲಿದೆ?

ಕೊಟ್ಟ ಸಲಹೆಗಳಲ್ಲಿ ಮೊದಲನೆಯದು, ಗಾಯಕಿಯರನ್ನು ಒಳ್ಳೆಯವಳು ಕೆಟ್ಟವಳು ಎಂದು ಸಾಲು ನಿಲ್ಲಿಸುವುದನ್ನು ಇಬ್ಬರೂ ಬಿಡಬೇಕು ಎಂಬುದು. ಅದರ ಬದಲಿಗೆ ಹಾಡನ್ನಾಗಲಿ ಚಿತ್ರವನ್ನಾಗಲಿ ಎದುರಿಟ್ಟುಕೊಂಡು ಕೇಳಬಹುದಾದ ಪ್ರಶ್ನೆಗಳಿವೆ. ಇಲ್ಲಿ ಹೆಣ್ಣು ತನ್ನ ಆಸೆಯನ್ನು ಹೇಳುತ್ತಿದ್ದಾಳೆಯೇ, ಅಥವಾ ಬೇರೊಬ್ಬರ ಆಸೆಗೆ ವಸ್ತುವಾಗಿ ನಿಂತಿದ್ದಾಳೆಯೇ? ಆಗ ಅವಳ ವಯಸ್ಸೆಷ್ಟು? ಬೇಡ ಎನ್ನಲು ಅವಳಿಗೆ ಸಾಧ್ಯವಿತ್ತೇ? ನಾಳೆ ಅವಳು ಬದಲಾದರೆ ಕೇಳುಗರು ಒಪ್ಪುತ್ತಾರೆಯೇ? ಅಮೆರಿಕದ ಮನೋವಿಜ್ಞಾನ ಸಂಘದ 2007ರ ವರದಿ ಹುಡುಗಿಯರ ಲೈಂಗಿಕೀಕರಣವನ್ನು ಗುರುತಿಸಲು ಕೊಟ್ಟ ಲಕ್ಷಣಗಳೂ ಹೆಚ್ಚುಕಡಿಮೆ ಇದೇ ದಿಕ್ಕಿನಲ್ಲಿವೆ: ವ್ಯಕ್ತಿಯ ಬೆಲೆಯನ್ನೆಲ್ಲ ಅವಳ ಲೈಂಗಿಕ ಆಕರ್ಷಣೆಗೆ ಇಳಿಸುವುದು, ಅವಳನ್ನು ಬಳಕೆಯ ವಸ್ತುವಾಗಿ ಕಾಣುವುದು, ವಯಸ್ಸಿಗೆ ಮೀರಿದ ಲೈಂಗಿಕತೆಯನ್ನು ಹೊರಗಿನಿಂದ ಹೇರುವುದು. ಆ ಅಳತೆಯಲ್ಲಿ ನೋಡಿದರೆ ಹುಡುಗರು ಅಂಕ ಬರೆದದ್ದೇ ಲೈಂಗಿಕೀಕರಣ. ಬೆಳೆದ ಹೆಂಗಸು ತನ್ನ ಆಸೆಯನ್ನು ತಾನೇ ಹಾಡಿಕೊಂಡರೆ ಅದು ಎಲ್ಲ ಸಂದರ್ಭದಲ್ಲೂ ಹಾಗಾಗಬೇಕಿಲ್ಲ. ಆಲ್ಬಮ್ ಮುಖಪುಟದ ಬಗ್ಗೆ ಮಾತ್ರ ಇಬ್ಬರೂ ಒಂದೇ ತೀರ್ಮಾನಕ್ಕೆ ಬರಬೇಕೆಂದು ನಾನು ಒತ್ತಾಯಿಸಲಿಲ್ಲ. ನನಗೂ ಆ ಚಿತ್ರ ಹಿಡಿಸಿಲ್ಲ. ವ್ಯಂಗ್ಯವೇ ಇದ್ದೀತು, ಆದರೆ ಕೂದಲು ಹಿಡಿದ ಕೈ ಮೊದಲು ಕಾಣುತ್ತದೆ, ವ್ಯಂಗ್ಯ ಆಮೇಲೆ. ಇದನ್ನು ಹುಡುಗಿಗೆ ಹೇಳಿದಾಗ ಅವಳು ವಾದಿಸಿದಳು, ಚೆನ್ನಾಗಿಯೇ ವಾದಿಸಿದಳು.

ತಾಯಿಗೆ ಪ್ರತ್ಯೇಕವಾಗಿ ಹೇಳಿದ್ದು, ಮಗಳ ಸಡಿಲ ಅಂಗಿಯನ್ನು ಇನ್ನು ಹೊಗಳಬೇಡಿ, ತೆಗಳಲೂಬೇಡಿ ಎಂದು. ವಾರಕ್ಕೊಮ್ಮೆ ಮಗಳು ಆರಿಸಿದ ಒಂದು ಹಾಡನ್ನು ಅವಳೊಡನೆ ಕುಳಿತು ಕೇಳಿ. ಮುಗಿದ ಮೇಲೆ ಅಭಿಪ್ರಾಯ ಹೇಳುವ ಮೊದಲು ಒಂದು ಪ್ರಶ್ನೆ ಕೇಳಿ. ಪೂರ್ಣ ಲೈಂಗಿಕ ವಿವರಗಳಿರುವ ಹಾಡುಗಳನ್ನು ಚಿಕ್ಕ ತಮ್ಮನ ಎದುರು ಹಾಕಬಾರದೆಂಬ ನಿಯಮ ಇರಲಿ, ಆದರೆ ಅದನ್ನು ಮನೆಯ ನಿಯಮವಾಗಿ ಹೇಳಿ, ಮಗಳ ನಡತೆಯ ಮೇಲಿನ ಟೀಕೆಯಾಗಿ ಬೇಡ. ಹುಡುಗರ ಗುಂಪಿನ ವಿಷಯವನ್ನು ಲಿಖಿತವಾಗಿ ಶಾಲೆಗೆ ಕೊಡಿ, ಕೊಡುವ ಮುನ್ನ ಮಗಳಿಗೆ ಓದಿ ತೋರಿಸಿ, ಮತ್ತು ಶಾಲೆಗೆ ಹೋಗುವಾಗ ತಂದೆಯೂ ಜೊತೆಗಿರಲಿ.

ಮಗಳಿಗೆ, ದೇಹದ ಕಾವಲು ಯಾವ ಹೊತ್ತಿನಲ್ಲಿ ಹೆಚ್ಚಾಗುತ್ತದೆ ಎಂದು ಗಮನಿಸಿ ಬರೆದಿಡಲು ಹೇಳಿದೆ. ಈಜಿಗೆ ಮರಳುವುದಾದರೆ ತನಗೆ ಹಿತವೆನಿಸುವ, ಬೇಕಿದ್ದರೆ ಮೊಣಕಾಲಿನವರೆಗೆ ಮುಚ್ಚುವ ಈಜುಡುಗೆಯನ್ನೇ ತೊಡಬಹುದು; ಧೈರ್ಯ ತೋರಿಸಲೆಂದು ಬಟ್ಟೆ ಕಡಿಮೆ ಮಾಡಬೇಕಾಗಿಲ್ಲ, ಯಾವ ಗಾಯಕಿಯ ಪರವಾಗಿಯೂ ಅವಳು ಸಾಕ್ಷಿ ಹೇಳಬೇಕಾಗಿಲ್ಲ ಎಂದೆ. ನೃತ್ಯವನ್ನು ನಿಲ್ಲಿಸುವ ಅಗತ್ಯ ಕಾಣಲಿಲ್ಲ. ಹೆಜ್ಜೆಗಳನ್ನು ಗೆಳತಿಯರೆಲ್ಲ ಸೇರಿ ನೋಡಿ, ಯಾರಿಗೆ ಯಾವುದು ಮುಜುಗರವೋ ಅದನ್ನು ಬಿಡಬೇಕೆಂದು ಮಾತ್ರ ತೀರ್ಮಾನವಾಯಿತು. ಅಚ್ಚರಿಯೆಂದರೆ, ಎರಡು ಹೆಜ್ಜೆಗಳನ್ನು ಬಿಡೋಣ ಎಂದವಳು ಇವಳೇ ಅಲ್ಲ, ಅತ್ಯಂತ ದಿಟ್ಟೆ ಎಂದು ಹೆಸರಾದ ಗೆಳತಿ.

ಶಾಲೆ ಆ ಗುಂಪಿನ ಹುಡುಗರ ಪೋಷಕರನ್ನು ಕರೆಸಿ ಮಾತನಾಡಿತು. ಹುಡುಗಿ ಈಜಿಗೆ ಮರಳಿದ್ದಾಳೆ, ಸದ್ಯಕ್ಕೆ ಬೆಳಗಿನ ಜನ ಕಡಿಮೆಯಿರುವ ಹೊತ್ತಿನಲ್ಲಿ. ಬಗೆಹರಿಯದೆ ಉಳಿದ ವಿಷಯ ಒಂದೇ: ನೃತ್ಯದ ವಿಡಿಯೊವನ್ನು ಎಲ್ಲರಿಗೂ ಕಾಣುವಂತೆ ಜಾಲತಾಣದಲ್ಲಿ ಹಾಕಬಹುದೇ ಎಂಬುದು. ಹದಿನೆಂಟು ತುಂಬುವವರೆಗೆ ಕೂಡದು ಎಂದು ತಾಯಿ, ಹದಿನಾರು ಸಾಕು ಎಂದು ಮಗಳು. ಅಪರಿಚಿತರ ಟಿಪ್ಪಣಿಗಳು ಈಗ ಅವಳಿಗೆ ಮತ್ತದೇ ಅಂಕಪಟ್ಟಿಯಾಗುವ ಸಂಭವವಿರುವುದರಿಂದ ಈ ಒಂದು ವಿಷಯದಲ್ಲಿ ನಾನು ಸದ್ಯಕ್ಕೆ ತಾಯಿಯ ಪಕ್ಷ ವಹಿಸಿದ್ದೇನೆ. ಗೆಳತಿಯರಿಗಷ್ಟೇ ಕಾಣುವ ಖಾತೆಯಲ್ಲಿ ಹಾಕಲು ಇಬ್ಬರೂ ಒಪ್ಪಿದ್ದಾರೆ. ಶಾಲಾ ವರ್ಷ ಮುಗಿದ ಮೇಲೆ ಇದನ್ನು ಮತ್ತೆ ಚರ್ಚಿಸುವುದೆಂದು ಬರೆದಿಟ್ಟುಕೊಂಡಿದ್ದೇವೆ.