ಬೆಳೆ ವಿಮೆ ಕಟ್ಟಿರಲಿಲ್ಲ, ಪರಿಹಾರ ಸಿಗುತ್ತದಾ?

ಭೀಮಾ ನದಿ ನೀರು ನುಗ್ಗಿ ಮೂರು ಎಕರೆ ತೊಗರಿ ಹೋಯಿತು, ವಿಮೆ ಕಟ್ಟಿರಲಿಲ್ಲ, ಏನಾದರೂ ಸಿಗುತ್ತದಾ ಎಂದು ಕೇಳಿದ್ದೀರಿ. ಸಿಗುತ್ತದೆ. ವಿಮೆ ಹಣ ಕಂತು ಕಟ್ಟಿದವರಿಗೆ ಕಂಪನಿ ಕೊಡುವುದು. ನೀವು ಕೇಳುತ್ತಿರುವುದು ಸರ್ಕಾರದ ವಿಪತ್ತು ನಿಧಿಯಿಂದ ಬರುವ ಇನ್‌ಪುಟ್ ಸಬ್ಸಿಡಿ. ವಿಮೆ ಕಟ್ಟಿದ್ದೀರಾ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಆದರೆ ಹೋದ ಬೆಳೆಯ ಬೆಲೆ ಬರುತ್ತದೆ ಎಂದು ಲೆಕ್ಕ ಹಾಕಬೇಡಿ. ಇದು ಬೀಜ, ಗೊಬ್ಬರದ ಖರ್ಚಿಗೆ ಆಗುವಷ್ಟು ನೆರವು.

ಹಾನಿ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. 2022-23ರಿಂದ 2025-26ರವರೆಗಿನ ಕೇಂದ್ರದ ಮಾನದಂಡದಲ್ಲಿ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂ., ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. 2025ರ ಮುಂಗಾರು ಹಾನಿಗೆ ರಾಜ್ಯ ಸರ್ಕಾರ ಹೆಕ್ಟೇರಿಗೆ ಇನ್ನೂ 8,500 ಸೇರಿಸುವುದಾಗಿ ಘೋಷಿಸಿತು. ನಿಮ್ಮ ಮೂರು ಎಕರೆ ಎಂದರೆ 1.21 ಹೆಕ್ಟೇರ್, ಮಳೆಯಾಶ್ರಿತ ಎಂದು ದಾಖಲಾಗಿದ್ದರೆ ಕೇಂದ್ರದ ದರದಲ್ಲಿ ಸುಮಾರು 10,300, ರಾಜ್ಯದ್ದೂ ಸೇರಿದರೆ 20,600 ರೂ. ಆಸುಪಾಸು. ಮಿತಿ ಎರಡು ಹೆಕ್ಟೇರ್, ಅಂದರೆ ಐದು ಎಕರೆಗೆ ಒಂದೆರಡು ಗುಂಟೆ ಕಡಿಮೆ. ಅದು ಒಬ್ಬ ರೈತನಿಗೆ, ಒಂದೊಂದು ಸರ್ವೆ ನಂಬರಿಗೆ ಅಲ್ಲ.

ನನ್ನ ಪ್ರಕಾರ ಪರಿಹಾರ ತಪ್ಪುವುದು ಹೆಚ್ಚಾಗಿ ಹೊಲದಲ್ಲಿ ಅಲ್ಲ, ದಾಖಲೆಯಲ್ಲಿ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಯವರು ಹಾನಿಯ ಜಂಟಿ ಸಮೀಕ್ಷೆ ಮಾಡಿ ವಿವರವನ್ನು ಸರ್ಕಾರದ ‘ಪರಿಹಾರ’ ತಂತ್ರಾಂಶಕ್ಕೆ ಹಾಕುತ್ತಾರೆ. ಬೆಳೆ ಯಾವುದು ಎಂಬುದಕ್ಕೆ ಆಧಾರ ಆ ಹಂಗಾಮಿನ ಬೆಳೆ ಸಮೀಕ್ಷೆ. ಅಲ್ಲಿ ನಿಮ್ಮ ಹೊಲ ಪಾಳು ಎಂದೋ ಬೇರೆ ಬೆಳೆ ಎಂದೋ ಇದ್ದರೆ ತೊಗರಿ ಕಣ್ಣೆದುರು ಕೊಳೆತಿದ್ದರೂ ಹೆಸರು ಬರುವುದು ಕಷ್ಟ. ಬೆಳೆ ದರ್ಶಕ್ ಆ್ಯಪ್‌ನಲ್ಲಿ ಇವತ್ತೇ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಹಾಕಿ. ಹಾನಿ ಸಮೀಕ್ಷೆಯವರು ಬರುವ ಮೊದಲು ಹೊಲ ಹರಗಬೇಡಿ. ಹರಗಲೇಬೇಕಾದರೆ ನೀರು ನಿಂತ ಹೊಲದ ಫೋಟೊಗಳನ್ನು ಸ್ಥಳ, ದಿನಾಂಕ ಕಾಣುವಂತೆ ತೆಗೆದು, ಪಹಣಿ ಪ್ರತಿಯ ಜೊತೆ ಗ್ರಾಮ ಆಡಳಿತ ಅಧಿಕಾರಿಗೆ (ಊರಲ್ಲಿ ಈಗಲೂ ತಲಾಟಿ ಎನ್ನುವವರಿಗೆ) ಲಿಖಿತ ಅರ್ಜಿ ಕೊಡಿ. ಸ್ವೀಕೃತಿ ಪಡೆಯದೆ ಬರಬೇಡಿ.

ಮುಂದಿನದು ಎಫ್‌ಐಡಿ, ಅಂದರೆ ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ರೈತನಿಗೆ ಸಿಗುವ ನೋಂದಣಿ ನಂಬರ್. ಅದು ಇದ್ದರೆ ಸಾಲದು, ಹಾನಿಯಾದ ಸರ್ವೆ ನಂಬರ್ ಅದಕ್ಕೆ ಜೋಡಣೆ ಆಗಿರಬೇಕು. ಹಲವರದು ಒಂದು ತುಂಡು ಸೇರಿ ಇನ್ನೊಂದು ಬಿಟ್ಟುಹೋಗಿರುತ್ತದೆ. ರೈತ ಸಂಪರ್ಕ ಕೇಂದ್ರಕ್ಕೆ ಆಧಾರ್, ಪಹಣಿ ತೆಗೆದುಕೊಂಡು ಹೋದರೆ ಸೇರಿಸುತ್ತಾರೆ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ (ವಾರಸುದಾರರ ಹೆಸರಿಗೆ ಬದಲಾವಣೆ) ಆಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ಹಣ ಹೋಗುವುದು ಆಧಾರ್ ಆಧಾರದ ಮೇಲೆ. ನೀವು ಪಾಸ್‌ಬುಕ್ ಕೊಟ್ಟ ಖಾತೆಗಲ್ಲ, ಎನ್‌ಪಿಸಿಐ ಮ್ಯಾಪಿಂಗ್‌ನಲ್ಲಿ, ಅಂದರೆ ಆಧಾರ್ ಯಾವ ಬ್ಯಾಂಕ್ ಖಾತೆಗೆ ಜೋಡಣೆ ಆಗಿದೆ ಎಂಬ ದಾಖಲೆಯಲ್ಲಿ, ಕೊನೆಯದಾಗಿ ಸೇರಿದ ಖಾತೆಗೆ. ‘ಬಂದಿಲ್ಲ’ ಎನ್ನುವವರಲ್ಲಿ ಕೆಲವರ ಹಣ ಎಂದೋ ತೆರೆದು ಮರೆತ ಖಾತೆಯಲ್ಲಿ ಕೂತಿರುತ್ತದೆ. ಬ್ಯಾಂಕಿನಲ್ಲಿ ‘ಆಧಾರ್ ಸೀಡಿಂಗ್’ ಯಾವ ಖಾತೆಗೆ ಇದೆ ಎಂದು ಕೇಳಿ. ಪರಿಹಾರ ಜಾಲತಾಣದಲ್ಲಿ ವರ್ಷ, ಹಂಗಾಮು, ವಿಪತ್ತಿನ ವಿಧ ಆರಿಸಿ ಆಧಾರ್ ಅಥವಾ ಎಫ್‌ಐಡಿ ಹಾಕಿದರೆ ಪಾವತಿ ಸ್ಥಿತಿ ಕಾಣುತ್ತದೆ.

ಬೇರೆಯವರ ಹೊಲವನ್ನು ಲಾವಣಿಗೆ (ಗೇಣಿಗೆ) ಮಾಡಿದ್ದರೆ ಮಾತ್ರ ಕಷ್ಟ. ಹಣ ಪಹಣಿಯಲ್ಲಿ ಹೆಸರಿರುವವರ ಖಾತೆಗೇ ಬೀಳುತ್ತದೆ. ಬಿತ್ತಿ ಕಳೆದುಕೊಂಡವನಿಗೆ ಇದು ನಿಜಕ್ಕೂ ಅನ್ಯಾಯ, ಆದರೆ ಈಗಿರುವ ವ್ಯವಸ್ಥೆ ಹೀಗಿದೆ. ಮಾಲೀಕರ ಜೊತೆ ಈಗಲೇ ಮಾತಾಡಿ ಬರಹದಲ್ಲಿ ಒಪ್ಪಿಸಿಕೊಳ್ಳಿ.